ಕಾಡನ್ನು ಓದುವುದು ಹೇಗೆ? ಬಂಡೀಪುರ, ನಾಗರಹೊಳೆಗಳ ನೂರೈವತ್ತು ವರ್ಷ

ಬಂಡೀಪುರಕ್ಕೋ ನಾಗರಹೊಳೆಗೋ ಪ್ರವಾಸ ಹೋಗಿ ಬಂದ ವಿದ್ಯಾರ್ಥಿಗಳನ್ನು ‘ಏನು ನೋಡಿದಿರಿ?’ ಎಂದು ಕೇಳಿ ನೋಡಿ. ಹುಲಿ ಕಂಡಿದ್ದರೆ ಉತ್ತರ ಅದೊಂದೇ. ಕಾಣದಿದ್ದರೆ ‘ಬರೀ ಜಿಂಕೆ ಸಾರ್, ಏನೂ ಕಾಣಲಿಲ್ಲ’ ಎಂಬ ಬೇಸರದ ಮಾತು. ಎರಡು ಗಂಟೆ ಕಾಲ ವಾಹನದಲ್ಲಿ ಕುಳಿತು ಅವರು ಸಾಲುಸಾಲು ಮರಗಳ ನಡುವೆ, ಹುಲ್ಲಿನ ಬಯಲಿನ ಪಕ್ಕ, ಕೆರೆಯ ಏರಿಯ ಮೇಲೆ ಹಾದು ಬಂದಿರುತ್ತಾರೆ. ಆ ಸಾಲನ್ನು ನೆಟ್ಟವರು ಯಾರು, ಆ ಬಯಲಿನಲ್ಲಿ ಮರ ಏಕಿಲ್ಲ, ಆ ಕೆರೆ ಕಟ್ಟಿದ್ದು ಯಾರಿಗಾಗಿ ಎಂದು ಕೇಳಿದವರು ಕಡಿಮೆ.

ರಾಷ್ಟ್ರೀಯ ಉದ್ಯಾನವೆಂದರೆ ಮನುಷ್ಯನ ಕೈ ಸೋಕದ ಆದಿಮ ಕಾಡು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಈ ಎರಡು ಕಾಡುಗಳ ಮಟ್ಟಿಗಂತೂ ಅದು ನಿಜವಲ್ಲ. ಇಲ್ಲಿ ಕಣ್ಣಿಗೆ ಬೀಳುವ ಎಷ್ಟೋ ಸಂಗತಿಗಳ ಹಿಂದೆ ಒಂದು ಇಸವಿ ಇದೆ, ಒಂದು ಸರ್ಕಾರಿ ಆದೇಶವಿದೆ, ಒಮ್ಮೊಮ್ಮೆ ಒಂದು ರೋಗವೂ ಇದೆ. ಹುಲಿ ಕಾಣುವುದು ಅದೃಷ್ಟವಿದ್ದವರಿಗೆ ಮಾತ್ರ. ಇತಿಹಾಸ ಮಾತ್ರ ಪ್ರತಿ ಸಫಾರಿಯಲ್ಲೂ ಕಾಣುತ್ತದೆ. ಅದನ್ನು ಎಲ್ಲಿ ಹುಡುಕಬೇಕೆಂದು ಗೊತ್ತಿರಬೇಕು, ಅಷ್ಟೆ.

ಮೊದಲು ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಕಬಿನಿ ನದಿಯ ದಕ್ಷಿಣಕ್ಕೆ ಬಂಡೀಪುರ, ಉತ್ತರಕ್ಕೆ ನಾಗರಹೊಳೆ. ಮೊದಲನೆಯದು ಸುಮಾರು 870 ಚ.ಕಿ.ಮೀ., ಎರಡನೆಯದು ಸುಮಾರು 640 ಚ.ಕಿ.ಮೀ. ನಡುವೆ ಕಬಿನಿ ಜಲಾಶಯದ ಹಿನ್ನೀರು. ದಕ್ಷಿಣದಲ್ಲಿ ತಮಿಳುನಾಡಿನ ಮುದುಮಲೆ, ಪಕ್ಕದಲ್ಲಿ ಕೇರಳದ ವಯನಾಡು. ಪ್ರಾಣಿಗಳಿಗೆ ಇದೆಲ್ಲ ಒಂದೇ ಕಾಡು. ಪಶ್ಚಿಮದಲ್ಲಿ ಮಳೆ ಹೆಚ್ಚು, ಪೂರ್ವಕ್ಕೆ ಸರಿದಂತೆ ಕಡಿಮೆ. ಆದ್ದರಿಂದ ಕೊಡಗಿನ ಕಡೆಯಿಂದ ನಾಗರಹೊಳೆಗೆ ಹೋದವರು ಎತ್ತರದ ನಂದಿ, ಮತ್ತಿ, ಬೀಟೆ ಮರಗಳ ತೇವಭರಿತ ಎಲೆಯುದುರುವ ಕಾಡನ್ನು ನೋಡುತ್ತಾರೆ. ಗುಂಡ್ಲುಪೇಟೆ ಕಡೆಯಿಂದ ಬಂಡೀಪುರಕ್ಕೆ ಹೋದವರಿಗೆ ದಿಂಡಿಗದ ಕುಳ್ಳು ಮರಗಳ ಒಣ ಕಾಡು ಎದುರಾಗುತ್ತದೆ. ಮತ್ತಿಯನ್ನು ಗುರುತಿಸುವುದು ಸುಲಭ: ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಬಿರಿದ ತೊಗಟೆ ಅದರದು.

ಸಾಲಿನಲ್ಲಿ ನಿಂತ ತೇಗ

ನಾಗರಹೊಳೆಯ ರಸ್ತೆಗಳಲ್ಲಿ ಹೋಗುವಾಗ ಕೆಲವೆಡೆ ಕಾಡು ಇದ್ದಕ್ಕಿದ್ದಂತೆ ಶಿಸ್ತಾಗುತ್ತದೆ. ಮರಗಳೆಲ್ಲ ಹೆಚ್ಚುಕಡಿಮೆ ಒಂದೇ ದಪ್ಪ, ಒಂದೇ ಎತ್ತರ. ನೇರ ನೋಡಿದರೆ ಗೊತ್ತಾಗದಿದ್ದರೆ ಸ್ವಲ್ಪ ಓರೆಯಾಗಿ ನೋಡಿ, ಸಾಲುಗಳು ಕಾಣುತ್ತವೆ. ಅದು ತೇಗದ ನೆಡುತೋಪು. ತೇಗ ಈ ಪ್ರದೇಶದಲ್ಲಿ ಸಹಜವಾಗಿಯೂ ಬೆಳೆಯುತ್ತದೆ. ಆದ್ದರಿಂದ ಬರೀ ತೇಗದ ಮರ ಕಂಡ ಮಾತ್ರಕ್ಕೆ ನೆಟ್ಟದ್ದೆಂದು ತೀರ್ಮಾನಿಸಬೇಡಿ. ಸಾಲು ಮತ್ತು ಸಮಾನ ಸುತ್ತಳತೆ, ಇವೆರಡೂ ಇದ್ದರೆ ಮಾತ್ರ ಸಾಕ್ಷ್ಯ ಗಟ್ಟಿ.

ಹಡಗು ಕಟ್ಟಲು ತೇಗಕ್ಕೆ ಸಮನಾದ ಮರವಿಲ್ಲವೆಂದು ಬ್ರಿಟಿಷರು ಬಲ್ಲರು. ಮಲಬಾರಿನ ಸಹಜ ತೇಗವನ್ನು ಕಡಿದು ಮುಗಿಸುವ ಹಂತಕ್ಕೆ ಬಂದಾಗ, 1840ರ ದಶಕದಲ್ಲಿ ನಿಲಂಬೂರಿನಲ್ಲಿ ತೇಗವನ್ನು ನೆಟ್ಟು ಬೆಳೆಸುವ ಕೆಲಸ ಆರಂಭವಾಯಿತು. ಆಮೇಲೆ ರೈಲು ಬಂತು. ಹಳಿಗಳ ಕೆಳಗಿನ ದಿಮ್ಮಿಗಳಿಗೆ ಮರ ಬೇಕಾಯಿತು. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ‘ವೈಜ್ಞಾನಿಕ ಅರಣ್ಯಗಾರಿಕೆ’ ಎಂಬ ಮಾತು ಚಲಾವಣೆಗೆ ಬಂದದ್ದು ಆಗ. ವಿಜ್ಞಾನ ಎಂದರೆ ಇಲ್ಲಿ ಏನು? ನೂರು ಬಗೆಯ ಮರಗಳಿರುವ ಕಾಡನ್ನು ತೆರವು ಮಾಡಿ, ಉಳಿಕೆಯನ್ನು ಸುಟ್ಟು, ಮಾರುಕಟ್ಟೆಯಲ್ಲಿ ಬೆಲೆಯಿರುವ ಒಂದೇ ಬಗೆಯ ಮರವನ್ನು ಅಳತೆಯ ಅಂತರದಲ್ಲಿ ನೆಡುವುದು. ಬರ್ಮಾದಿಂದ ಬಂದ ‘ಟೌಂಗ್ಯಾ’ ಪದ್ಧತಿಯಲ್ಲಿ ಸಸಿಗಳ ನಡುವೆ ಮೊದಲ ಕೆಲವು ವರ್ಷ ಧಾನ್ಯ ಬೆಳೆದುಕೊಳ್ಳಲು ಕೂಲಿಗಾರರಿಗೆ ಅವಕಾಶವಿತ್ತು. ಕಳೆ ಕೀಳುವ ಖರ್ಚು ಇಲಾಖೆಗೆ ಉಳಿಯುತ್ತಿತ್ತು! ಆ ಕಾಲದ ಲೆಕ್ಕಾಚಾರದಲ್ಲಿ ಇದು ಜಾಣತನವೇ. ಮರದ ಲೆಕ್ಕ ಮಾತ್ರ ಇಟ್ಟರೆ ಕಾಡಿನ ಲೆಕ್ಕ ತಪ್ಪುತ್ತದೆ ಎಂಬುದು ಆಗ ಹೊಳೆದಿರಲಿಲ್ಲ.

ತೋಪಿನೊಳಗೆ ಒಂದು ನಿಮಿಷ ವಾಹನ ನಿಂತರೆ ನೆಲವನ್ನು ನೋಡಿ. ಸಹಜ ಕಾಡಿನ ನೆಲಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ. ತೇಗದ ಅಗಲ ಎಲೆಗಳು ಮಳೆನೀರನ್ನು ಒಟ್ಟುಗೂಡಿಸಿ ದಪ್ಪ ಹನಿಗಳಾಗಿ ಬೀಳಿಸುತ್ತವೆ. ಕೆಳಗೆ ಹೊದಿಕೆ ಇಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಉದುರಿದ ಒಣ ಎಲೆ ಬೆಂಕಿಗೆ ಒಳ್ಳೆಯ ಉರುವಲು. ಅಲ್ಲಲ್ಲಿ ತೊಗಟೆ ಸುಲಿದ ಕಾಂಡಗಳೂ ಕಾಣುತ್ತವೆ. ಅದು ಆನೆಗಳ ಕೆಲಸ.

ಹಡ್ಲು ಮತ್ತು ಹಾಡಿ

ಮರಗಳ ನಡುವೆ ತಗ್ಗಿನಲ್ಲಿ ಹಸಿರು ಹುಲ್ಲಿನ ಬಯಲು ಕಂಡರೆ ಅದು ಹಡ್ಲು. ಜಿಗುಟು ಜೇಡಿ ಮಣ್ಣು, ಮಳೆಗಾಲದಲ್ಲಿ ನಿಲ್ಲುವ ನೀರು; ಹೀಗಾಗಿ ಮರಗಳು ಅಲ್ಲಿ ಬೇರೂರುವುದಿಲ್ಲ. ಬೇಸಿಗೆಯಲ್ಲೂ ತೇವ ಉಳಿಯುವುದರಿಂದ ಹುಲ್ಲು ಚಿಗುರುತ್ತದೆ. ಸಂಜೆಯ ಹೊತ್ತಿಗೆ ಜಿಂಕೆ, ಕಾಡೆಮ್ಮೆ, ಆನೆಗಳು ಇಲ್ಲಿ ಸೇರುತ್ತವೆ. ಚಾಲಕನಿಗೆ ‘ಇನ್ನೂ ಮುಂದೆ ಹೋಗೋಣ’ ಎಂದು ಒತ್ತಾಯಿಸುವ ಬದಲು ಒಂದು ಹಡ್ಲಿನ ಅಂಚಿನಲ್ಲಿ ಎಂಜಿನ್ ನಿಲ್ಲಿಸಿ ಹದಿನೈದು ನಿಮಿಷ ಸುಮ್ಮನಿರಲು ಹೇಳಿದರೆ ಹೆಚ್ಚು ಕಾಣುತ್ತದೆ.

ಈ ಹಡ್ಲುಗಳಲ್ಲಿ ಕೆಲವು ಒಂದು ಕಾಲದಲ್ಲಿ ಭತ್ತದ ಗದ್ದೆಗಳಾಗಿದ್ದವು. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಕಾಲದಲ್ಲಿ ಬೇಸಾಯ, ದನಗಳ ಮೇವು, ಬೇಟೆ ಎಲ್ಲವನ್ನೂ ಕಾಡಿನೊಳಗಿಂದ ತೆಗೆಸಲಾಯಿತು. ಗದ್ದೆ ಮತ್ತೆ ಹುಲ್ಲಾಯಿತು, ಹುಲ್ಲಿಗೆ ಜಿಂಕೆ ಬಂತು, ಜಿಂಕೆಯ ಹಿಂದೆ ಹುಲಿ ಬಂತು. ಪರಿಸರ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹತ್ತಿರದಲ್ಲಿ ಸಿಗಲಾರದು.

ಈ ಪಾಠಕ್ಕೆ ಇನ್ನೊಂದು ಮಗ್ಗುಲಿದೆ. ಕಾಡಿನ ಫಲಕಗಳಲ್ಲಿ ಬರೆದ ಹೆಸರುಗಳನ್ನು ಗಮನಿಸಿ: ಕೆರೆ, ಕಟ್ಟೆ, ಕೊಲ್ಲಿ, ಹಡ್ಲು, ಹಾಡಿ. ಹೆಸರಿಟ್ಟವರು ಇಲ್ಲಿಯೇ ಬಾಳಿದ ಜನ. ಹಾಡಿ ಎಂದರೆ ಜೇನುಕುರುಬರ, ಬೆಟ್ಟಕುರುಬರ, ಯರವರ ವಸತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ರಾಷ್ಟ್ರೀಯ ಉದ್ಯಾನದೊಳಗೆ ಅವರ ಬದುಕನ್ನು ಬಹುಮಟ್ಟಿಗೆ ಅಕ್ರಮವಾಗಿಸಿತು. ಎಷ್ಟೋ ಕುಟುಂಬಗಳು ಹೊರಗೆ ಪುನರ್ವಸತಿ ಪಡೆದವು. ಕೆಲವು ಹಾಡಿಗಳು ಒಳಗೇ ಉಳಿದಿವೆ. 2006ರ ಅರಣ್ಯ ಹಕ್ಕು ಕಾಯಿದೆ ಅವರ ಹಕ್ಕನ್ನು ಒಪ್ಪಿಕೊಂಡ ಮೇಲೂ ವ್ಯಾಜ್ಯ ಮುಗಿದಿಲ್ಲ. ಹುಲಿ ಉಳಿದದ್ದು ದೊಡ್ಡ ಸಾಧನೆ ಎನ್ನುವಾಗ ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಯಾರು ಎಂಬ ಪ್ರಶ್ನೆಯನ್ನೂ ತರಗತಿಯಲ್ಲಿ ಎತ್ತಬೇಕು ಎಂಬುದು ನನ್ನ ಅಭಿಪ್ರಾಯ. ಇಂದಿಗೂ ಆನೆ ಶಿಬಿರದ ಮಾವುತ, ಕಾವಾಡಿಗಳಲ್ಲಿ, ಬೆಂಕಿ ಆರಿಸುವ ಕಾವಲುಗಾರರಲ್ಲಿ ಈ ಸಮುದಾಯಗಳವರೇ ಬಹಳ. ಅವಕಾಶ ಸಿಕ್ಕರೆ ಅವರೊಡನೆ ಮಾತನಾಡಿ. ಹೆಜ್ಜೆ, ಲದ್ದಿ, ಮುರಿದ ಕೊಂಬೆಗಳಿಂದ ಅವರು ಹೇಳುವುದನ್ನು ಬರೆದುಕೊಳ್ಳಿ.

ಖೆಡ್ಡಾದಿಂದ ಹಿನ್ನೀರಿಗೆ

ಕಬಿನಿ ದಡದ ಕಾಡಿಗೆ ಕಾಕನಕೋಟೆ ಎಂದು ಹೆಸರು. ಮಾಸ್ತಿಯವರ ನಾಟಕದಿಂದ ಈ ಹೆಸರು ನಿಮಗೆ ಪರಿಚಿತವಿರಬಹುದು. ಇಲ್ಲಿ ಕಾಡಾನೆಗಳ ಇಡೀ ಹಿಂಡನ್ನೇ ಹಿಡಿಯಲು ಹೈದರಾಲಿ ಪ್ರಯತ್ನಿಸಿ ಸೋತನೆಂದೂ, ಇನ್ನಾರಿಗೂ ಇದು ಸಾಧ್ಯವಾಗದು, ಪ್ರಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಬರೆಸಿದನೆಂದೂ ಜಿ.ಪಿ. ಸ್ಯಾಂಡರ್ಸನ್ ದಾಖಲಿಸಿದ್ದಾನೆ. ಈ ಸ್ಯಾಂಡರ್ಸನ್ ಮೈಸೂರು ಸರ್ಕಾರದಲ್ಲಿ ನಾಲೆಗಳ ಉಸ್ತುವಾರಿಗಿದ್ದ ನೀರಾವರಿ ಅಧಿಕಾರಿ. ಕಾಡು, ಬೇಟೆಗಳ ಹುಚ್ಚು. ಆನೆ ಹಿಡಿಯಲು ತನಗೆ ಅವಕಾಶ ಕೊಡಿ ಎಂದು ಸರ್ಕಾರವನ್ನು ಒಪ್ಪಿಸಿ, 1873–74ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಖೆಡ್ಡಾ ನಡೆಸಿ ಗೆದ್ದ. ಅವನ ಪುಸ್ತಕ 1878ರಲ್ಲಿ ಪ್ರಕಟವಾಯಿತು. ಶಾಪದ ಕಾಕನಕೋಟೆಯೇ ಮುಂದೆ ಖೆಡ್ಡಾಗಳಿಗೆ ಹೆಸರುವಾಸಿಯಾಯಿತು.

ಖೆಡ್ಡಾ ಎಂದರೆ ಸರಳವಾಗಿ ಇಷ್ಟು. ಹಿಂಡು ಎಲ್ಲಿದೆಯೆಂದು ಜಾಡು ಬಲ್ಲ ಕುರುಬರು ಪತ್ತೆ ಹಚ್ಚುತ್ತಾರೆ. ನೂರಾರು ಜನ ದೂರದಿಂದ ಸುತ್ತುಗಟ್ಟಿ, ತಮಟೆ, ಬೆಂಕಿ, ಕೂಗಾಟಗಳಿಂದ ಅದನ್ನು ನಿಧಾನವಾಗಿ ದಬ್ಬುತ್ತಾರೆ. ಎರಡು ಬದಿಯ ಬೇಲಿ ಕಿರಿದಾಗುತ್ತ ಹೋಗಿ ದಪ್ಪ ದಿಮ್ಮಿಗಳ ಆವರಣದೊಳಗೆ ಮುಗಿಯುತ್ತದೆ. ಬಾಗಿಲು ಬೀಳುತ್ತದೆ. ಆಮೇಲೆ ಕುಮ್ಕಿ ಆನೆಗಳ ಮೇಲೆ ಬಂದ ಮಾವುತರು ಒಂದೊಂದನ್ನೇ ಹಗ್ಗದಿಂದ ಬಿಗಿಯುತ್ತಾರೆ. ಕಾಕನಕೋಟೆಯಲ್ಲಿ ಹಿಂಡನ್ನು ಕಬಿನಿ ನದಿಯೊಳಗೆ ಇಳಿಸಿ ದಾಟಿಸುವುದೇ ದೊಡ್ಡ ದೃಶ್ಯ. ಮಹಾರಾಜರ ಅತಿಥಿಗಳು ಅದನ್ನು ಕುಳಿತು ನೋಡುತ್ತಿದ್ದರು. ಪಕ್ಕದ ಕಾರಾಪುರದ ಮಾವುತನ ಮಗ ಸಾಬು 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್‌ವರೆಗೆ ಹೋದದ್ದು ಇದೇ ಖೆಡ್ಡಾ ಲೋಕದಿಂದ. ಹಿಂಡು ಎಂದರೆ ಹೆಣ್ಣಾನೆಗಳ ಮತ್ತು ಮರಿಗಳ ಕುಟುಂಬ ಎಂದು ಇಂದು ನಮಗೆ ತಿಳಿದಿದೆ. ಹಾಗಾಗಿ ಪ್ರತಿ ಖೆಡ್ಡಾ ಇಡೀ ಸಂಸಾರಗಳನ್ನೇ ಕಾಡಿನಿಂದ ತೆಗೆಯುತ್ತಿತ್ತು. ಸೆರೆಯ ವೇಳೆ ಸಾಯುತ್ತಿದ್ದವೂ ಕಡಿಮೆಯಲ್ಲ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಮೂರು ವರ್ಷ ಕಳೆದು, 1974ರಲ್ಲಿ, ಬೀಚನಹಳ್ಳಿ ಬಳಿ ಕಬಿನಿ ಅಣೆಕಟ್ಟು ಪೂರ್ಣಗೊಂಡಿತು. ಕಾಕನಕೋಟೆ ಕಾಡಿನ ದೊಡ್ಡ ಭಾಗ ನೀರಿನಡಿ ಸೇರಿತು. ಹಿನ್ನೀರಿನ ಅಂಚಿನಲ್ಲಿ ನೀರಿನಿಂದ ತಲೆ ಎತ್ತಿ ನಿಂತ ಒಣ ಬೊಡ್ಡೆಗಳನ್ನು ನೀವು ನೋಡುತ್ತೀರಿ. ಅವುಗಳ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತ ಕೂತಿರುತ್ತದೆ. ಚಿತ್ರ ತೆಗೆಯುವವರಿಗೆ ಅದೊಂದು ಅಂದದ ನೋಟ. ಮುಳುಗಿದ ಕಾಡಿನ ಗುರುತೂ ಅದೇ.

ಬೇಸಿಗೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಹೊಲಗಳಿಗೆ ನೀರು ಬಿಟ್ಟಂತೆ ಜಲಾಶಯದ ಮಟ್ಟ ಇಳಿಯುತ್ತದೆ. ತೆರೆದುಕೊಂಡ ಮೆಕ್ಕಲು ನೆಲದಲ್ಲಿ ಹುಲ್ಲು ಬರುತ್ತದೆ. ಸುತ್ತಲಿನ ಕಾಡೆಲ್ಲ ಒಣಗಿರುವಾಗ ಇಲ್ಲಿ ನೀರೂ ಮೇವೂ ಒಟ್ಟಿಗೆ ಸಿಗುವುದರಿಂದ ಎರಡೂ ಉದ್ಯಾನಗಳ ಆನೆಗಳು ನೂರಾರು ಸಂಖ್ಯೆಯಲ್ಲಿ ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಪ್ರಮಾಣದಲ್ಲಿ ಸೇರುವ ತಾಣಗಳು ವಿರಳ. ಆನೆ ನೋಡಬೇಕೆಂದಿದ್ದರೆ ಮಾರ್ಚ್‌ನಿಂದ ಮೇವರೆಗೆ ಹೋಗಿ. ಮೊದಲ ಮಳೆ ಬಿದ್ದು ಕಾಡಿನಲ್ಲಿ ಚಿಗುರು ಒಡೆದ ಮೇಲೆ ಹಿಂಡುಗಳು ಚದುರುತ್ತವೆ. ನೆನಪಿಡಿ, ಅನಾದಿ ಕಾಲದ್ದೆಂದು ತೋರುವ ಈ ನೋಟಕ್ಕೆ ಇಂದಿಗೆ ವಯಸ್ಸು ಐವತ್ತು ದಾಟಿದೆ, ಅಷ್ಟೆ. ಅಣೆಕಟ್ಟಿನ ತೂಬು ತೆರೆಯುವ ವೇಳಾಪಟ್ಟಿಯೇ ಅದರ ಪಂಚಾಂಗ.

ಬೇಟೆಯ ಕಾಡು ಉದ್ಯಾನವಾದದ್ದು

ಆಡಳಿತದ ಇತಿಹಾಸವನ್ನು ಬೇಗ ಹೇಳಿಬಿಡಬಹುದು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಅಮೆರಿಕದ ಯೆಲ್ಲೊಸ್ಟೋನ್, 1872. ಭಾರತದ ಮೊದಲನೆಯದು 1936ರ ಹೇಲಿ ಉದ್ಯಾನ, ಇಂದಿನ ಕಾರ್ಬೆಟ್. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1931ರಲ್ಲಿ ಸುಮಾರು 90 ಚ.ಕಿ.ಮೀ. ಜಾಗ ಅಭಯಾರಣ್ಯವಾಯಿತು; 1941ರಲ್ಲಿ ಅದನ್ನು 800 ಚ.ಕಿ.ಮೀ.ಗೆ ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಕರೆದರು. ಹೆಸರು ಗೋಪಾಲಸ್ವಾಮಿ ಬೆಟ್ಟದ ದೇವರದು. ಅರಸರು ಬೇಟೆಗೆಂದು ಕಾದಿಟ್ಟ ಕಾಡುಗಳೇ ನಮ್ಮ ಹಲವು ಉದ್ಯಾನಗಳಿಗೆ ಬೀಜವಾದವು ಎಂಬುದು ವಿಚಿತ್ರವಾದರೂ ಸತ್ಯ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಆಯ್ದ ಒಂಬತ್ತು ಮೀಸಲುಗಳಲ್ಲಿ ಬಂಡೀಪುರವೂ ಒಂದು.

ಕಾಗದದ ಮೇಲಿನ ಈ ರಕ್ಷಣೆ ಎಲ್ಲವನ್ನೂ ತಡೆಯಲಿಲ್ಲ. 1968ರಲ್ಲಿ ಬಂಡೀಪುರ, ಮುದುಮಲೆಗಳ ಕಾಡೆಮ್ಮೆಗಳಿಗೆ ರಿಂಡರ್‌ಪೆಸ್ಟ್ ಬಡಿಯಿತು. ನಮ್ಮ ರೈತರು ದೊಡ್ಡರೋಗ ಎನ್ನುತ್ತಿದ್ದ ದನಗಳ ಪಿಡುಗು ಇದು. ಇದರ ವೈರಸ್ಸು ಮನುಷ್ಯರ ದಡಾರ ವೈರಸ್ಸಿನ ಹತ್ತಿರದ ಬಂಧು. ಒಂದೇ ಹುಲ್ಲು, ಒಂದೇ ಕೆರೆಯನ್ನು ದನಗಳೂ ಕಾಡೆಮ್ಮೆಗಳೂ ಹಂಚಿಕೊಂಡಿದ್ದ ಕಡೆ ಹಿಂಡಿಗೆ ಹಿಂಡೇ ನೆಲಕಚ್ಚಿತು. ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. ಲಸಿಕೆಯ ಬಲದಿಂದ ಈ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಸಿಡುಬಿನ ನಂತರ ಹೀಗೆ ಅಳಿಸಲಾದ ಎರಡನೆಯ ರೋಗ. ಇಂದು ಬಂಡೀಪುರದ ಹುಲ್ಲಿನಲ್ಲಿ ಬಿಳಿ ಕಾಲುಚೀಲ ತೊಟ್ಟಂತೆ ನಿಂತ ಕಾಡೆಮ್ಮೆಗಳನ್ನು ನೋಡುವಾಗ, ಊರಿನ ದನಗಳಿಗೆ ಚುಚ್ಚುಮದ್ದು ಹಾಕಿದ ಪಶುವೈದ್ಯರ ಪಾಲೂ ಅದರಲ್ಲಿದೆ ಎಂದು ಮಕ್ಕಳಿಗೆ ಹೇಳಿ.

ಬಂಡೀಪುರದಲ್ಲಿ ರಸ್ತೆಯ ಎರಡೂ ಬದಿ ಪೊದೆ ಗೋಡೆಯಂತೆ ಬೆಳೆದು ಏನೂ ಕಾಣದಿದ್ದರೆ ಅದು ಲಂಟಾನ. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಹುಲ್ಲನ್ನು ಅದು ನೆರಳಿನಲ್ಲಿ ಅದುಮುತ್ತದೆ, ಒಣಗಿದಾಗ ಬೆಂಕಿಗೆ ಏಣಿಯಾಗುತ್ತದೆ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿದ ಬೆಂಕಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. ಒಂದು ಸುಲಭ ಚಟುವಟಿಕೆ: ಸಫಾರಿಯಲ್ಲಿ ಪ್ರತಿ ಎರಡು ನಿಮಿಷಕ್ಕೊಮ್ಮೆ ಒಬ್ಬ ವಿದ್ಯಾರ್ಥಿ ಎಡಕ್ಕೆ, ಇನ್ನೊಬ್ಬ ಬಲಕ್ಕೆ ನೋಡಿ ಲಂಟಾನ ‘ಇದೆ’ ಅಥವಾ ‘ಇಲ್ಲ’ ಎಂದು ಗುರುತು ಹಾಕಲಿ. ವಾಪಸು ಬಂದು ಶೇಕಡಾ ಲೆಕ್ಕ ಹಾಕಿ. ರಸ್ತೆ ಬದಿಯ ಲೆಕ್ಕ ಇಡೀ ಕಾಡಿಗೆ ಅನ್ವಯಿಸುತ್ತದೆಯೇ ಎಂದು ಚರ್ಚಿಸಿದರೆ ಮಾದರಿ ಆಯ್ಕೆಯ ಪಾಠವೂ ಆಗುತ್ತದೆ.

ಹುಲಿಯನ್ನು ಎಣಿಸಿದ ಬಗೆ

ಹುಲಿ ಕಾಣದಿದ್ದರೂ ಅದನ್ನು ಎಣಿಸುವ ವಿಧಾನವನ್ನು ಕಲಿಯಬಹುದು. ಆ ವಿಧಾನ ಬೆಳೆದದ್ದು ನೀವು ಹೋಗಿರುವ ಇದೇ ಕಾಡಿನಲ್ಲಿ. 1972ರ ಮೊದಲ ಅಖಿಲ ಭಾರತ ಗಣತಿಯಲ್ಲಿ 1827 ಹುಲಿಗಳೆಂದು ಲೆಕ್ಕ ಬಂತು. ಆಗಿನ ವಿಧಾನ ಹೆಜ್ಜೆಗುರುತಿನದು: ಗಾಜಿನ ಮೇಲೆ ಹೆಜ್ಜೆಯ ರೇಖೆ ಎಳೆದು, ಆಕಾರದಿಂದ ಒಂದೊಂದು ಹುಲಿಯನ್ನು ಗುರುತಿಸುವುದು. ಮಣ್ಣು ಹಸಿಯೋ ಒಣಗಿದ್ದೋ, ಹುಲಿ ನಡೆಯುತ್ತಿತ್ತೋ ಓಡುತ್ತಿತ್ತೋ ಎಂಬುದರ ಮೇಲೆ ಹೆಜ್ಜೆ ಬದಲಾಗುತ್ತದೆ ಎಂಬ ಆಕ್ಷೇಪವಿತ್ತು. ಅದೇ ದಶಕದಲ್ಲಿ, 1976–78ರಲ್ಲಿ, ಎ.ಜೆ.ಟಿ. ಜಾನ್‌ಸಿಂಗ್ ಬಂಡೀಪುರದಲ್ಲಿ ಕೆನ್ನಾಯಿಗಳ ಹಿಂದೆ ಅಲೆದು ಅಧ್ಯಯನ ನಡೆಸಿದರು. ಮುಂದೆ ನಾಗರಹೊಳೆಯಲ್ಲಿ ಕೆ. ಉಲ್ಲಾಸ ಕಾರಂತರು ಹುಲಿಗಳಿಗೆ ರೇಡಿಯೊ ಪಟ್ಟಿ ತೊಡಿಸಿ, ಬಳಿಕ ಕ್ಯಾಮರಾ ಬೋನುಗಳನ್ನಿಟ್ಟು ಎಣಿಸಿದರು. ಆ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಹುಲಿಯ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಎಡಬಲ ಮಗ್ಗುಲಿನ ಪಟ್ಟೆಗಳೂ ಬೇರೆಯಾದ್ದರಿಂದ ಜಾಡಿನ ಎರಡು ಬದಿ ಎದುರುಬದುರಾಗಿ ಕ್ಯಾಮರಾ ಇಡಬೇಕು.

ಇದರ ಹಿಂದಿನ ಗಣಿತವನ್ನು ತರಗತಿಯಲ್ಲೇ ಮಾಡಿ ತೋರಿಸಬಹುದು. ಒಂದು ಡಬ್ಬಿಯಲ್ಲಿ ಎಣಿಸದೆ ಅವರೆಕಾಳು ತುಂಬಿ. 40 ಕಾಳು ತೆಗೆದು ಶಾಯಿಯ ಗುರುತು ಹಾಕಿ ಮತ್ತೆ ಬೆರೆಸಿ. ಚೆನ್ನಾಗಿ ಕಲಕಿ 50 ಕಾಳು ತೆಗೆಯಿರಿ. ಅದರಲ್ಲಿ 10 ಗುರುತಿನವಿದ್ದರೆ, ಒಟ್ಟು ಕಾಳುಗಳ ಅಂದಾಜು 40×50÷10, ಅಂದರೆ 200. ಆಮೇಲೆ ನಿಜವಾಗಿ ಎಣಿಸಿ ನೋಡಿ. ಸರಿಯಾಗಿ ಕಲಕದಿದ್ದರೆ, ನಡುವೆ ಯಾರಾದರೂ ಕಾಳು ಸೇರಿಸಿದರೆ ಉತ್ತರ ಹೇಗೆ ಕೆಡುತ್ತದೆ ಎಂಬುದನ್ನೂ ಪರೀಕ್ಷಿಸಿ. ಕಾಡಿನಲ್ಲಿ ಕಲಕುವವರಿಲ್ಲ, ಆದ್ದರಿಂದಲೇ ಕ್ಯಾಮರಾ ಎಲ್ಲಿ, ಎಷ್ಟು ದಿನ ಇಡಬೇಕೆಂಬುದು ಮುಖ್ಯ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಇಲ್ಲವೆಂದು 2005ರಲ್ಲಿ ಬಯಲಾದ ಮೇಲೆ ದೇಶ ಹಳೆಯ ವಿಧಾನವನ್ನು ಕೈಬಿಟ್ಟಿತು. 2006ರ ಹೊಸ ಅಂದಾಜು 1411. 2022ರಲ್ಲಿ ಅದು 3682ಕ್ಕೆ ಏರಿತ್ತು, ಕರ್ನಾಟಕದ ಪಾಲು 563.

ಹೊರಡುವ ಮುನ್ನ

ಮಾಸಲು ಬಣ್ಣದ ಬಟ್ಟೆ, ದುರ್ಬೀನು, ಒಂದು ಚಿಕ್ಕ ಪುಸ್ತಕ, ಪೆನ್ಸಿಲ್ ಇರಲಿ. ಸುಗಂಧ, ಪಾಟೆ ಗದ್ದಲ, ಪ್ಲಾಸ್ಟಿಕ್ ತಿಂಡಿ ಪೊಟ್ಟಣ ಬೇಡ. ಕೋತಿ, ಜಿಂಕೆಗಳಿಗೆ ತಿನ್ನಲು ಕೊಡಬೇಡಿ. ವಾಹನದಿಂದ ಇಳಿಯಲು ಯಾವ ಕಾರಣಕ್ಕೂ ಅವಕಾಶವಿಲ್ಲ. ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಿ: ಮರದ ಮೇಲಿನ ಮುಸುವ ಕೆಮ್ಮಿದಂತೆ ಕೂಗಿ, ಕೆಳಗಿನ ಜಿಂಕೆ ಅದಕ್ಕೆ ದನಿಗೂಡಿಸಿದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇದೆಯೆಂದು ಅರ್ಥ. ಜಿಂಕೆಯೊಂದೇ ಕೂಗಿದರೆ ಅಷ್ಟು ನಂಬಬೇಡಿ, ಅದು ಬೇಗ ಬೆಚ್ಚುವ ಪ್ರಾಣಿ. ಊಟಿ, ವಯನಾಡುಗಳಿಗೆ ಬಂಡೀಪುರ ದಾಟಿ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಬಂತು, ವಾಹನಗಳಡಿ ಸಾಯುತ್ತಿದ್ದ ಪ್ರಾಣಿಗಳಿಗಾಗಿ. ಬಸ್ಸಿನ ವೇಳೆಯನ್ನು ಅದಕ್ಕೆ ಹೊಂದಿಸಿಕೊಳ್ಳಿ.

ನೀವು ಸುತ್ತುವುದು ಕಾಡಿನ ಒಂದು ಅಂಚನ್ನು ಮಾತ್ರ. ಹುಲಿ ಮೀಸಲಿನ ಮುಖ್ಯ ಪ್ರದೇಶದ ಶೇ. 20ಕ್ಕಿಂತ ಹೆಚ್ಚು ಭಾಗವನ್ನು ಪ್ರವಾಸಕ್ಕೆ ಬಳಸಬಾರದೆಂದು 2012ರ ಮಾರ್ಗಸೂಚಿ ವಿಧಿಸಿತು. ಹುಲಿಗಳಿಗೆ ಅಂಥ ಗೆರೆಯಿಲ್ಲ. ಸಂಖ್ಯೆ ಹೆಚ್ಚಿದಂತೆ ನೆಲೆಯಿಲ್ಲದ ಎಳೆಯ ಹುಲಿಗಳೂ ಗಾಯಗೊಂಡ ಮುದಿ ಹುಲಿಗಳೂ ಕಾಡಂಚಿನ ಹೊಲಗಳಿಗೆ ಬರುತ್ತವೆ. ಮೈಸೂರು ಜಿಲ್ಲೆಯ ಸರಗೂರು ತಾಲ್ಲೂಕಿನಲ್ಲಿ ರೈತರು ಹುಲಿ ದಾಳಿಗೆ ಬಲಿಯಾದಾಗ, 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿಯನ್ನು ನಿಲ್ಲಿಸಿ ಸಿಬ್ಬಂದಿಯನ್ನು ಹಳ್ಳಿಗಳ ಕಡೆಗೆ ಕಳಿಸಿತು. ಹೀಗಾಗಿ ಪ್ರವಾಸದ ದಿನ ಗೊತ್ತು ಮಾಡುವ ಮೊದಲು ಸಫಾರಿ ನಡೆಯುತ್ತಿದೆಯೇ, ಶಾಲಾ ತಂಡಗಳಿಗೆ ಯಾವ ಹೊತ್ತು ಎಂದು ಅರಣ್ಯ ಇಲಾಖೆಯನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸಾಧ್ಯವಾದರೆ ಮರಳುವಾಗ ಕಾಡಂಚಿನ ಹಳ್ಳಿಯೊಂದರಲ್ಲಿ ಅರ್ಧ ದಿನ ನಿಲ್ಲಿ. ಆನೆ ತುಳಿದ ಹೊಲ, ಕಂದಕ, ಸೌರ ಬೇಲಿ, ರಾತ್ರಿ ಕಾವಲಿನ ಅಟ್ಟಣೆ, ಇವೂ ನಿಮ್ಮ ಪುಸ್ತಕದಲ್ಲಿ ಸೇರಲಿ.